ಹೊಸ ಗ್ರಾಫಿಕ್ಸ್ ಕಾರ್ಡ್, ಅದೇ ಹಳೆಯ ವೇಗ: ಕಾರಣ ಹುಡುಕುವ ಸೂತ್ರಗಳು

ತಿಂಗಳುಗಟ್ಟಲೆ ಹಣ ಕೂಡಿಟ್ಟು ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದ್ದೀರಿ. ಆದರೂ ಆಟ ಹಳೆಯ ಕಾರ್ಡಿನಲ್ಲಿ ಓಡುತ್ತಿದ್ದಷ್ಟೇ ಓಡುತ್ತಿದೆ, ಒಮ್ಮೊಮ್ಮೆ ಅದಕ್ಕಿಂತಲೂ ಕಡಿಮೆ. ವಿಡಿಯೊ ಎಡಿಟ್ ಮಾಡುವವರಾದರೆ ಟೈಮ್‌ಲೈನ್ ಮೊದಲಿಗಿಂತ ಹೆಚ್ಚು ತಡವರಿಸುತ್ತಿದೆ. ಇಂಥ ಹೊತ್ತಿನಲ್ಲಿ ಬಹಳ ಜನ ಅಂಗಡಿಗೆ ಫೋನ್ ಮಾಡಿ ಕಾರ್ಡ್ ಕೆಟ್ಟಿದೆ ಎನ್ನುತ್ತಾರೆ, ಇಲ್ಲವೇ ಇನ್ನೊಂದು ಭಾಗ ಕೊಳ್ಳಲು ಹೊರಡುತ್ತಾರೆ. ಎರಡಕ್ಕೂ ಅವಸರ ಬೇಡ. ಕಾರ್ಡ್ ನಿಜಕ್ಕೂ ಕೆಟ್ಟಿದ್ದರೆ ಸಾಮಾನ್ಯವಾಗಿ ಪರದೆಯ ಮೇಲೆ ಗೆರೆ, ಚುಕ್ಕೆ, ಬಣ್ಣದ ಚೌಕಗಳು ಏಳುತ್ತವೆ, ಸಿಸ್ಟಮ್ ನಡುವೆಯೇ ನಿಂತುಬಿಡುತ್ತದೆ. ಬರೀ ನಿಧಾನವಾಗಿದ್ದರೆ ಬಹುಪಾಲು ಕಾರ್ಡ್ ಏನಕ್ಕೋ ಕಾಯುತ್ತಿರುತ್ತದೆ: ವಿದ್ಯುತ್ತಿಗೆ, ಪ್ರೊಸೆಸರಿಗೆ, ಮೆಮೊರಿಗೆ, ಅಥವಾ ಯಾರೂ ಬದಲಿಸದೆ ಬಿಟ್ಟ ಒಂದು ಸೆಟ್ಟಿಂಗಿಗೆ. ಯಾವುದಕ್ಕೆ ಎಂದು ಪತ್ತೆ ಮಾಡುವುದೇ ಇಲ್ಲಿನ ಕೆಲಸ. ಖರ್ಚಿಲ್ಲದ ಪರೀಕ್ಷೆಗಳನ್ನು ಆದಷ್ಟೂ ಮೊದಲಿಗೆ ಇಟ್ಟಿದ್ದೇನೆ.

1. ಮಾನಿಟರ್ ಕೇಬಲ್ ಎಲ್ಲಿ ಸಿಕ್ಕಿಸಿದೆ ನೋಡಿ

ಕ್ಯಾಬಿನೆಟ್ಟಿನ ಹಿಂಭಾಗಕ್ಕೆ ಟಾರ್ಚ್ ಬಿಡಿ. ಸಾಮಾನ್ಯ ಟವರ್ ಕ್ಯಾಬಿನೆಟ್ಟಿನಲ್ಲಿ ಎಚ್‌ಡಿಎಂಐ ಪೋರ್ಟ್ ಎರಡು ಕಡೆ ಇರುತ್ತದೆ. ಮೇಲೆ ಯುಎಸ್‌ಬಿ, ಆಡಿಯೊ ಪೋರ್ಟುಗಳ ಪಕ್ಕದಲ್ಲಿರುವುದು ಮದರ್‌ಬೋರ್ಡಿನದು. ಅದರ ಕೆಳಗೆ ಅಡ್ಡಲಾಗಿ ಸಾಲಾಗಿರುವುದು ಕಾರ್ಡಿನದು. ಕೇಬಲ್ ಮೇಲಿನದರಲ್ಲಿದ್ದರೆ ಮಾನಿಟರಿಗೆ ಚಿತ್ರ ಬರುವುದು ಪ್ರೊಸೆಸರಿನೊಳಗಿನ ಚಿಕ್ಕ ಗ್ರಾಫಿಕ್ಸಿನ ಮೂಲಕ. ಹೊಸ ಕಾರ್ಡ್ ಫ್ಯಾನ್ ತಿರುಗಿಸುತ್ತಾ ಸುಮ್ಮನೆ ಕುಳಿತಿರಬಹುದು. ಹೊಸದಾಗಿ ಅಸೆಂಬಲ್ ಮಾಡಿದ ಸಿಸ್ಟಮ್‌ಗಳಲ್ಲಿ ಅತಿ ಸಾಮಾನ್ಯವಾದ ತಪ್ಪು ಇದು. ಕೇಬಲ್ ಬದಲಿಸಿದ ಕ್ಷಣವೇ ಗೊತ್ತಾಗುತ್ತದೆ.

2. ಅನಿಸಿಕೆ ಬಿಟ್ಟು ಅಂಕಿ ಹಿಡಿಯಿರಿ

‘ಸ್ವಲ್ಪ ಲ್ಯಾಗ್ ಆಗ್ತಿದೆ’ ಎಂಬುದರಿಂದ ಯಾವ ಕಾರಣವೂ ಪತ್ತೆಯಾಗದು. ಎಂಎಸ್‌ಐ ಆಫ್ಟರ್‌ಬರ್ನರ್, ಎಚ್‌ಡಬ್ಲ್ಯೂಇನ್ಫೊ, ಜಿಪಿಯು-ಝಡ್ ಮೂರೂ ಉಚಿತ. ಆಟ ನಡೆಯುವಾಗಲೇ ಪರದೆಯ ಮೂಲೆಯಲ್ಲಿ ಐದು ಅಂಕಿ ಕಾಣುವಂತೆ ಮಾಡಿಕೊಳ್ಳಿ: ಸೆಕೆಂಡಿಗೆ ಎಷ್ಟು ಫ್ರೇಮ್, ಕಾರ್ಡಿನ ಬಳಕೆ ಶೇಕಡಾ ಎಷ್ಟು, ಕಾರ್ಡಿನ ಗಡಿಯಾರ ವೇಗ, ಅದರ ಉಷ್ಣತೆ, ಪ್ರೊಸೆಸರಿನ ಒಂದೊಂದು ಕೋರಿನ ಬಳಕೆ. ಸರಾಸರಿ ಫ್ರೇಮ್ ಒಂದನ್ನೇ ನಂಬಬೇಡಿ. ಸರಾಸರಿ 90 ಇದ್ದೂ ನಡುನಡುವೆ 20ಕ್ಕೆ ಕುಸಿಯುವ ಆಟ ಕಣ್ಣಿಗೆ ತೊಡರಿದಂತೆಯೇ ಕಾಣುತ್ತದೆ. ‘1% ಲೋ’ ಎಂಬ ಅಂಕಿ ಹೇಳುವುದು ಆ ಕುಸಿತವನ್ನೇ.

ಬಿಡಿಭಾಗ ಇನ್ನೂ ಬದಲಿಸಿಲ್ಲವಾದರೆ ಇವತ್ತೇ ಹಳೆಯ ಕಾರ್ಡಿನಲ್ಲಿ ಯುನಿಜೈನ್ ಸೂಪರ್‌ಪೊಸಿಷನ್ ಅಥವಾ 3ಡಿಮಾರ್ಕ್ ಪರೀಕ್ಷೆ ಓಡಿಸಿ, ಅಂಕ ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಬೇರೆ ಆಧಾರ ಸಿಗುವುದಿಲ್ಲ. ಅದೇ ಪ್ರೊಸೆಸರ್, ಅದೇ ಕಾರ್ಡ್ ಇರುವವರ 3ಡಿಮಾರ್ಕ್ ಅಂಕಗಳ ಜತೆ ನಿಮ್ಮದನ್ನು ಇಟ್ಟು ನೋಡಿ. ನೂರಕ್ಕೆ ಮೂರೋ ನಾಲ್ಕೋ ಭಾಗ ಕಡಿಮೆಯಿದ್ದರೆ ಸಹಜ. ಮೂವತ್ತು ಭಾಗ ಕಡಿಮೆಯಿದ್ದರೆ ಎಲ್ಲೋ ತಡೆಯಿದೆ.

3. ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತುಹಾಕಿ

ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಸಾಲು ನೋಡಿ. ಅಲ್ಲಿ ‘ಮೈಕ್ರೊಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಕಾರ್ಡಿಗೆ ಡ್ರೈವರೇ ಇಲ್ಲ, ಚಿತ್ರ ಬಿಡಿಸುವ ಹೊರೆಯೆಲ್ಲ ಪ್ರೊಸೆಸರಿನ ತಲೆಯ ಮೇಲಿದೆ. ಎನ್‌ವಿಡಿಯಾದಿಂದ ಎಎಂಡಿಗೆ ಅಥವಾ ಎಎಂಡಿಯಿಂದ ಎನ್‌ವಿಡಿಯಾಗೆ ಹಾರಿದವರಲ್ಲಿ ಹಳೆಯ ಡ್ರೈವರಿನ ಚೂರುಗಳು ಉಳಿದು ಹೊಸದರೊಂದಿಗೆ ಜಗಳವಾಡುವುದುಂಟು. ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಉಚಿತ ಸಾಧನ ಇರುವುದೇ ಇದಕ್ಕೆ. ಹೊಸ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಇಂಟರ್‌ನೆಟ್ ತಂತಿ ಕೀಳಿ, ಸೇಫ್ ಮೋಡಿನಲ್ಲಿ ಆ ಸಾಧನ ಓಡಿಸಿ, ಮತ್ತೆ ಆನ್ ಮಾಡಿ ಹೊಸದನ್ನು ಹಾಕಿ. ಇಂಟರ್‌ನೆಟ್ ಕೀಳುವುದನ್ನು ಮರೆಯಬೇಡಿ. ಇಲ್ಲವಾದರೆ ನಡುವೆ ವಿಂಡೋಸ್ ತಾನೇ ಒಂದು ಹಳೆಯ ಡ್ರೈವರನ್ನು ತಂದು ಕೂರಿಸಬಹುದು.

ಮದರ್‌ಬೋರ್ಡೂ ಬದಲಾಗಿದ್ದರೆ ಚಿಪ್‌ಸೆಟ್ ಡ್ರೈವರ್ ಕೂಡ ಹೊಸದು ಬೇಕು. ಹಳೆಯ ಸಿಸ್ಟಮ್ಮಿನ ಡಿಸ್ಕನ್ನೇ ಎತ್ತಿ ಹೊಸ ಬೋರ್ಡಿಗೆ ಹಾಕಿದವರಿಗೆ ನನ್ನ ಸಲಹೆ ನೇರ: ಕಡತಗಳನ್ನು ಬ್ಯಾಕಪ್ ಮಾಡಿ, ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ. ಅರ್ಧ ದಿನದ ಕೆಲಸ, ವಾರಗಟ್ಟಲೆಯ ತಲೆನೋವು ತಪ್ಪುತ್ತದೆ.

4. ಮಾನಿಟರಿನ ಹರ್ಟ್ಝ್ ನೋಡಿ

144 ಹರ್ಟ್ಝ್ ಮಾನಿಟರ್ ಕೊಂಡರೂ ವಿಂಡೋಸ್ ಅದನ್ನು 60ರಲ್ಲೇ ಓಡಿಸುತ್ತಿರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಹೋಗಿ ರಿಫ್ರೆಶ್ ರೇಟ್ ಬದಲಿಸಿ. 4ಕೆ ಮಾನಿಟರಿನಲ್ಲಿ ಮೌಸ್ ಬಾಣವೇ ಎಳೆದೆಳೆದು ಸಾಗುತ್ತಿದ್ದರೆ ಹಳೆಯ ಎಚ್‌ಡಿಎಂಐ 1.4 ಪೋರ್ಟೋ ಹಳೆಯ ಕೇಬಲೋ ಕಾರಣವಾಗಿರಬಹುದು. ಆ ಮಟ್ಟದಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬರುತ್ತದೆ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ.

5. ಮಾನಿಟರೂ ಬದಲಾಗಿದೆಯೇ? ಹಾಗಾದರೆ ಲೆಕ್ಕ ಬೇರೆ

1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ. ಕಾರ್ಡಿನ ಶಕ್ತಿ ಎರಡರಷ್ಟಾಗಿ ಪಿಕ್ಸೆಲ್ ನಾಲ್ಕರಷ್ಟಾದರೆ ಫ್ರೇಮ್ ಇಳಿಯದೆ ಇನ್ನೇನಾಗುತ್ತದೆ? ಇದು ದೋಷವಲ್ಲ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎಂಬ ಆಯ್ಕೆಗಳು ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡುತ್ತವೆ. ‘ಕ್ವಾಲಿಟಿ’ ಮಟ್ಟದಲ್ಲಿಟ್ಟರೆ ವ್ಯತ್ಯಾಸ ಬಹುತೇಕ ಕಣ್ಣಿಗೆ ಬೀಳದು.

6. ಯಾರು ಯಾರಿಗೆ ಕಾಯುತ್ತಿದ್ದಾರೆ ಎಂದು ಪತ್ತೆ ಮಾಡಿ

ಸೂತ್ರಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನಿಡಿ. ಒಂದೊಂದು ಫ್ರೇಮಿಗೂ ಎರಡು ಹಂತದ ದುಡಿಮೆಯಿದೆ. ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಾಗಿತು, ಏನೇನು ಬಿಡಿಸಬೇಕು ಎಂಬ ಪಟ್ಟಿಯನ್ನು ಪ್ರೊಸೆಸರ್ ಸಿದ್ಧಪಡಿಸುತ್ತದೆ. ಆ ಪಟ್ಟಿ ಹಿಡಿದು ಕಾರ್ಡ್ ಚಿತ್ರ ಬಿಡಿಸುತ್ತದೆ. ಹೋಟೆಲಿನ ಕಾವಲಿ ಎಷ್ಟೇ ದೊಡ್ಡದಿರಲಿ, ರುಬ್ಬಿದ ಹಿಟ್ಟು ಬಂದಷ್ಟೇ ದೋಸೆ.

ಪರೀಕ್ಷೆ ಸುಲಭ. ಆಟದ ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿ, ಅದೇ ಜಾಗದಲ್ಲಿ ಅದೇ ದಿಕ್ಕು ನೋಡುತ್ತಾ ನಿಲ್ಲಿ. ಫ್ರೇಮ್ ಜಿಗಿದರೆ ದುಡಿದು ದಣಿಯುತ್ತಿರುವುದು ಕಾರ್ಡ್. ಫ್ರೇಮ್ ಕದಲದೆ, ಕಾರ್ಡಿನ ಬಳಕೆ ಶೇಕಡಾ 50, 60ರಲ್ಲೇ ಇದ್ದರೆ ಕಾರ್ಡ್ ಕೈಕಟ್ಟಿ ಕುಳಿತಿದೆ, ಪ್ರೊಸೆಸರ್ ಏದುಸಿರು ಬಿಡುತ್ತಿದೆ. ಇಲ್ಲಿ ಪ್ರೊಸೆಸರಿನ ಒಟ್ಟು ಬಳಕೆ ಶೇಕಡಾ 30 ಎಂದು ತೋರಿದರೂ ಮೋಸಹೋಗಬೇಡಿ. ಎಷ್ಟೋ ಆಟಗಳು ಒಂದೆರಡು ಕೋರುಗಳ ಮೇಲೇ ಭಾರ ಹಾಕುತ್ತವೆ. ಹನ್ನೆರಡರಲ್ಲಿ ಒಂದೇ ಒಂದು ಕೋರ್ ನೂರು ಮುಟ್ಟಿದ್ದರೂ ಆಟ ಅಲ್ಲಿಗೇ ಕಟ್ಟಿಬೀಳುತ್ತದೆ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2ರಂಥ ಆಟಗಳ ವೇಗ ನಿಂತಿರುವುದೇ ಪ್ರೊಸೆಸರಿನ ಮೇಲೆ. ಬರೀ ಇವನ್ನು ಆಡುವವರು ಕಾರ್ಡಿಗೆ ದೊಡ್ಡ ಮೊತ್ತ ಸುರಿದರೆ ನಿರಾಸೆ ಖಂಡಿತ.

2013ರ ನಾಲ್ಕನೇ ತಲೆಮಾರಿನ ಇಂಟೆಲ್ ಐ5ರ ಪಕ್ಕ ಇವತ್ತಿನ ಮಧ್ಯಮ ದರ್ಜೆಯ ಕಾರ್ಡ್ ಕೂರಿಸಿದರೆ ಆಗುವುದು ಇದೇ. ಹಾಗಿದ್ದರೆ ಎರಡು ದಾರಿಯಿವೆ. ನೆರಳು, ಜನಸಂದಣಿ, ದೂರದ ನೋಟ ಮುಂತಾಗಿ ಪ್ರೊಸೆಸರನ್ನು ತಿನ್ನುವ ಸೆಟ್ಟಿಂಗುಗಳನ್ನು ಇಳಿಸಿ, ಕಾರ್ಡಿಗೆ ಬಿಡುವಿರುವುದರಿಂದ ಟೆಕ್ಸ್‌ಚರ್ ಮತ್ತು ರೆಸಲ್ಯೂಷನ್ ಏರಿಸಿ. ಇಲ್ಲವೇ ಪ್ರೊಸೆಸರನ್ನೇ ಬದಲಿಸಿ. ಎಎಂಡಿಯ ಎಎಂ4 ಬೋರ್ಡ್ ಇರುವವರು ಅದೃಷ್ಟವಂತರು. ಹಲವು ಹಳೆಯ ಬೋರ್ಡುಗಳಲ್ಲಿ ಬಯಾಸ್ ಅಪ್‌ಡೇಟ್ ಮಾಡಿದರೆ ಸಾಕು, ರೈಜನ್ 5000 ಸರಣಿಯ ಚಿಪ್ ಕೂರುತ್ತದೆ. ಬೋರ್ಡ್, ರ‍್ಯಾಮ್ ಎರಡೂ ಉಳಿಯುತ್ತವೆ.

7. ರ‍್ಯಾಮ್: ಎಷ್ಟು ಜಿಬಿ ಎಂಬುದಷ್ಟೇ ಸಾಲದು

ಡಬ್ಬಿಯ ಮೇಲೆ 3200 ಎಂದು ಬರೆದ ಡಿಡಿಆರ್4 ರ‍್ಯಾಮ್ ಹಾಕಿದ ಮಾತ್ರಕ್ಕೆ 3200ರಲ್ಲಿ ಓಡುತ್ತದೆಂಬ ಖಾತ್ರಿಯಿಲ್ಲ. ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆ ಆನ್ ಮಾಡುವವರೆಗೆ ಎಷ್ಟೋ ಕಿಟ್‌ಗಳು 2133, 2400 ಅಥವಾ 2666ರಲ್ಲೇ ನಡೆಯುತ್ತವೆ. ಡಿಡಿಆರ್5 ಆದರೆ ಸಾಮಾನ್ಯವಾಗಿ 4800. ಎಎಂಡಿಯ ಹೊಸ ಬೋರ್ಡುಗಳಲ್ಲಿ ಇದೇ ಆಯ್ಕೆಯ ಹೆಸರು ಎಕ್ಸ್‌ಪೊ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಈಗಿನ ವೇಗ ಕಾಣುತ್ತದೆ.

ಅದಕ್ಕಿಂತ ದೊಡ್ಡ ನಷ್ಟ ಒಂದೇ ಕಡ್ಡಿ ಹಾಕುವುದರಿಂದ. 3200ರ ಒಂದು ಕಡ್ಡಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಬಲ್ಲದು. ಎರಡು ಕಡ್ಡಿ ಎರಡು ಚಾನೆಲಿನಲ್ಲಿದ್ದರೆ 51.2 ಜಿಬಿ. ‘ಮುಂದೆ ಇನ್ನೊಂದು ಹಾಕಿಸ್ಕೊಳ್ಳಿ’ ಎಂದು 16 ಜಿಬಿಯ ಒಂದೇ ಕಡ್ಡಿ ಕೊಡುವುದು ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ತಾಲ್ಲೂಕು ಪಟ್ಟಣದ ಅಂಗಡಿಯವರೆಗೆ ಬಜೆಟ್ ಸಿಸ್ಟಮ್‌ಗಳಲ್ಲಿ ವಾಡಿಕೆ. 8 ಜಿಬಿಯ ಎರಡು ಕೇಳಿ ಪಡೆಯಿರಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕುವುದು ರೂಢಿ. ನಿಮ್ಮ ಬೋರ್ಡಿನ ಪುಸ್ತಿಕೆಯಲ್ಲಿ ಖಚಿತಪಡಿಸಿಕೊಳ್ಳಿ. ಬೇರೆ ಕಾರ್ಡಿಲ್ಲದೆ ರೈಜನ್ ಜಿ ಸರಣಿಯ ಒಳಗ್ರಾಫಿಕ್ಸನ್ನೇ ನೆಚ್ಚಿದವರಿಗೆ ಇದರ ಫಲ ಎಲ್ಲರಿಗಿಂತ ಹೆಚ್ಚು, ಏಕೆಂದರೆ ಆ ಗ್ರಾಫಿಕ್ಸಿಗೆ ಸ್ವಂತ ಮೆಮೊರಿಯೇ ಇಲ್ಲ.

ಹಳೆಯ ಕಡ್ಡಿಯ ಪಕ್ಕ ಹೊಸದನ್ನು ಸೇರಿಸಿದರೆ ಎಲ್ಲವೂ ನಿಧಾನದ ಕಡ್ಡಿಯ ಹೆಜ್ಜೆಗೇ ಬರುತ್ತವೆ. ಡಿಡಿಆರ್5ರಲ್ಲಿ ನಾಲ್ಕು ಕಡ್ಡಿ ತುಂಬುವುದಂತೂ ಬೇಡವೇ ಬೇಡ. ರೈಜನ್ 7000 ಸರಣಿಯಲ್ಲಿ ನಾಲ್ಕು ಕಡ್ಡಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 3600 ಮಾತ್ರ.

ಇನ್ನೊಂದು ಮಾತು. ಬಯಾಸ್ ಅಪ್‌ಡೇಟ್ ಮಾಡಿದಾಗ, ಪ್ರೊಸೆಸರ್ ಬದಲಿಸಿದಾಗ, ಬೋರ್ಡಿನ ಬ್ಯಾಟರಿ ತೆಗೆದು ಹಾಕಿದಾಗ ಬಯಾಸಿನ ಈ ಸೆಟ್ಟಿಂಗುಗಳು ಸಾಮಾನ್ಯವಾಗಿ ಅಳಿಸಿಹೋಗಿ ಮೂಲಸ್ಥಿತಿಗೆ ಮರಳುತ್ತವೆ. ಬದಲಾವಣೆ ಮಾಡಿದ ಮೇಲೆ ನಿಧಾನವಾಯಿತು ಎನ್ನುವ ಎಷ್ಟೋ ದೂರುಗಳ ಬೇರು ಇಲ್ಲಿದೆ.

8. ಕಾರ್ಡ್ ಯಾವ ಸ್ಲಾಟಿನಲ್ಲಿದೆ, ಎಷ್ಟು ಲೇನ್ ಸಿಕ್ಕಿದೆ

ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟೇ ಕಾರ್ಡಿನ ಜಾಗ. ಕೆಳಗೆ ಅಷ್ಟೇ ಉದ್ದದ ಇನ್ನೊಂದು ಇದ್ದರೂ ಒಳಗೆ ನಾಲ್ಕೇ ಲೇನಿನ, ಅಂದರೆ ದತ್ತಾಂಶ ಸಾಗುವ ನಾಲ್ಕೇ ದಾರಿಯ, ಸಂಪರ್ಕವಿರುವುದು ಸಾಮಾನ್ಯ. ಫ್ಯಾನಿಗೆ ಗಾಳಿಯಾಡಲೆಂದು ಕಾರ್ಡನ್ನು ಕೆಳಗಿಳಿಸಿದವರು ವೇಗವನ್ನೂ ಇಳಿಸಿಕೊಂಡಿರುತ್ತಾರೆ. ಜಿಪಿಯು-ಝಡ್‌ನಲ್ಲಿ ‘ಬಸ್ ಇಂಟರ್‌ಫೇಸ್’ ಸಾಲು ನೋಡಿ. ಕೆಲಸವಿಲ್ಲದಾಗ ಕಾರ್ಡ್ ವಿದ್ಯುತ್ ಉಳಿಸಲು 1.1 ಎಂದು ತೋರಿಸುವುದು ಸಹಜ, ಗಾಬರಿ ಬೇಡ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿದರೆ ನಿಜವಾದ ಅಂಕಿ ಬರುತ್ತದೆ. x16 ಸಿಗಬೇಕಾದಲ್ಲಿ x4 ಎಂದಿದ್ದರೆ ಕಾರ್ಡ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಒಣ ಬಟ್ಟೆಯಿಂದ ಒರೆಸಿ, ಬೀಗ ಟಿಕ್ ಎನ್ನುವವರೆಗೆ ಒತ್ತಿ ಕೂರಿಸಿ. ಕೆಲವು ಬೋರ್ಡುಗಳಲ್ಲಿ ಎರಡನೇ ಎಂ.2 ಎಸ್‌ಎಸ್‌ಡಿ ಹಾಕಿದರೆ ಅದು ಕಾರ್ಡಿನ ಲೇನುಗಳಲ್ಲೇ ಪಾಲು ಪಡೆಯುತ್ತದೆ. ಇದೂ ಪುಸ್ತಿಕೆಯಲ್ಲಿರುತ್ತದೆ.

ಕೆಲವು ಕಾರ್ಡುಗಳು ಹುಟ್ಟುವಾಗಲೇ ಕಡಿಮೆ ಲೇನಿನವು. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600 ಎರಡಕ್ಕೂ ಇರುವುದು ಎಂಟು; ಹೆಚ್ಚು ತೊಂದರೆಯಿಲ್ಲ. ಆದರೆ 2022ರ ಜನವರಿಯಲ್ಲಿ ಬಂದ ಎಎಂಡಿ ಆರ್‌ಎಕ್ಸ್ 6500 ಎಕ್ಸ್‌ಟಿಯದು ನಾಲ್ಕೇ ಲೇನ್, 4 ಜಿಬಿ ಮೆಮೊರಿ. ಪಿಸಿಐಇ 4.0 ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿಯ ದಾರಿ, ಹಳೆಯ 3.0 ಬೋರ್ಡಿನಲ್ಲಿ ಅದರರ್ಧ. ಕಡಿಮೆ ಬೆಲೆಗೆಂದು ಈ ಕಾರ್ಡ್ ಹುಡುಕುವವರ ಬಳಿ ಇರುವುದು ಹೆಚ್ಚಾಗಿ ಹಳೆಯ ಬೋರ್ಡೇ. ಅವರಿಗೆ ನಾನು ಈ ಕಾರ್ಡನ್ನು ಶಿಫಾರಸು ಮಾಡುವುದಿಲ್ಲ.

9. ರೀಸೈಜಬಲ್ ಬಾರ್ ಆನ್ ಮಾಡಿ

ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ 256 ಎಂಬಿಯ ತುಣುಕಾಗಿ ನೋಡುವ ಬದಲು ಒಟ್ಟಾಗಿ ನೋಡಲು ಬಿಡುವ ವ್ಯವಸ್ಥೆ ಇದು. ಎನ್‌ವಿಡಿಯಾ, ಎಎಂಡಿ ಕಾರ್ಡುಗಳಲ್ಲಿ ಲಾಭ ಅಲ್ಪಸ್ವಲ್ಪ. ಇಂಟೆಲ್ ಆರ್ಕ್ ಕಾರ್ಡುಗಳಲ್ಲಿ ಇದು ಇಲ್ಲದಿದ್ದರೆ ಆಟ ಮುಗ್ಗರಿಸುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹತ್ತನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಬೇಕೆಂದು ಇಂಟೆಲ್ ಕಂಪನಿಯೇ ಹೇಳುತ್ತದೆ. ಹಳೆಯ ಸಿಸ್ಟಮ್ಮಿಗೆ ಆರ್ಕ್ ಹಾಕಲು ಹೋಗಬೇಡಿ.

ಬಯಾಸಿನಲ್ಲಿ ‘ಅಬೋವ್ 4ಜಿ ಡಿಕೋಡಿಂಗ್’ ಆನ್, ‘ಸಿಎಸ್‌ಎಂ’ ಆಫ್. ಆದರೆ ನಿಮ್ಮ ವಿಂಡೋಸ್ ಹಳೆಯ ಎಂಬಿಆರ್ ಮಾದರಿಯ ಡಿಸ್ಕಿನಲ್ಲಿದ್ದರೆ ಸಿಎಸ್‌ಎಂ ಆಫ್ ಮಾಡಿದೊಡನೆ ಸಿಸ್ಟಮ್ ಬೂಟ್ ಆಗುವುದಿಲ್ಲ. ಮೊದಲು ಬ್ಯಾಕಪ್, ಆಮೇಲೆ ವಿಂಡೋಸಿನದೇ ಎಂಬಿಆರ್2ಜಿಪಿಟಿ ಸಾಧನದಿಂದ ಡಿಸ್ಕಿನ ಮಾದರಿ ಬದಲಾವಣೆ, ಕೊನೆಗೆ ಬಯಾಸ್.

10. ಎಸ್‌ಎಂಪಿಎಸ್ ಮತ್ತು ಅದರ ತಂತಿಗಳು

ಸ್ಲಾಟಿನಿಂದ ಸಿಗುವುದು 75 ವ್ಯಾಟ್. ಆರು ಪಿನ್ನಿನ ತಂತಿಯಿಂದ ಇನ್ನೊಂದು 75, ಎಂಟು ಪಿನ್ನಿನದರಿಂದ 150. ಕಾರ್ಡಿನಲ್ಲಿ ಎಂಟು ಪಿನ್ನಿನ ಎರಡು ಜಾಗವಿದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಪ್ರತ್ಯೇಕ ತಂತಿ ಎಳೆಯಿರಿ. ಒಂದೇ ತಂತಿಯ ತುದಿಯಲ್ಲಿ ಕವಲೊಡೆದ ಎರಡು ಪ್ಲಗ್‌ಗಳನ್ನು ಹೆಚ್ಚು ವಿದ್ಯುತ್ ಎಳೆಯುವ ಕಾರ್ಡಿಗೆ ಹಾಕಬೇಡಿ. ಹೊಸ 16 ಪಿನ್ನಿನ ಪ್ಲಗ್ಗಿನ ಜತೆ ಬರುವ ಅಡಾಪ್ಟರಿಗೆ ಎಲ್ಲ ತಂತಿಗಳನ್ನೂ ಜೋಡಿಸಿ. ತನಗೆ ಎಷ್ಟು ವ್ಯಾಟ್ ಸಿಗುತ್ತದೆ ಎಂಬುದನ್ನು ಕಾರ್ಡ್ ಅದರ ಪುಟ್ಟ ಸಂಕೇತ ಪಿನ್ನುಗಳಿಂದ ತಿಳಿಯುತ್ತದೆ, ತಂತಿ ಕಡಿಮೆಯಾದರೆ ಕಾರ್ಡ್ ತನ್ನ ಮಿತಿ ತಗ್ಗಿಸಿಕೊಳ್ಳಬಹುದು. ಪ್ಲಗ್ ಪೂರ್ತಿ ಒಳಗೆ ಹೋಗಿದೆಯೇ ಎಂದು ಕಣ್ಣಿಟ್ಟು ನೋಡಿ. ಅರ್ಧ ಕೂತ ಪ್ಲಗ್ ಕರಗಿ ಸುಟ್ಟ ನಿದರ್ಶನಗಳಿವೆ.

ಜಿಪಿಯು-ಝಡ್‌ನ ಸೆನ್ಸರ್ ಪುಟದಲ್ಲಿ ಎನ್‌ವಿಡಿಯಾ ಕಾರ್ಡುಗಳಿಗೆ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲಿದೆ. ಅಲ್ಲಿ ಥರ್ಮಲ್ ಎಂದು ಬಂದರೆ ಬಿಸಿ ತಡೆಯುತ್ತಿದೆ. ಪವರ್ ಎಂದರೆ ವಿದ್ಯುತ್ ಮಿತಿ ಮುಟ್ಟಿದೆ. ಭಾರವಾದ ಆಟದಲ್ಲಿ ಇದು ಸಹಜವೇ. ಆದರೆ ಗಡಿಯಾರ ವೇಗವೂ ತೀರಾ ಕೆಳಗಿದ್ದರೆ ತಂತಿಗಳನ್ನು ಶಂಕಿಸಿ.

ಆಟದ ನಡುವೆ ಸಿಸ್ಟಮ್ ದಿಢೀರನೆ ಆಫ್ ಆದರೆ ಯುಪಿಎಸ್ ಕಡೆಗೂ ನೋಡಿ. 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸು. ಹಳೆಯ ಸಿಸ್ಟಮ್ಮಿಗೆ ಸಾಕಾಗುತ್ತಿದ್ದ ಯುಪಿಎಸ್ ಹೊಸ ಕಾರ್ಡನ್ನು ಹೊರದಿರಬಹುದು.

11. ಬಿಸಿ

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಕ್ಯಾಬಿನೆಟ್ಟನ್ನು ಮೇಜಿನ ಮುಚ್ಚಿದ ಗೂಡಿನಲ್ಲಿ ಗೋಡೆಗೆ ಒತ್ತಿಟ್ಟರೆ ಹೊಸ ಕಾರ್ಡ್ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಆಟ ಕುಸಿದರೆ ಕಾರಣ ಬಹುಪಾಲು ಇದೇ. ಪಕ್ಕದ ಬಾಗಿಲು ತೆಗೆದು ಒಮ್ಮೆ ಆಡಿ ನೋಡಿ. ಫ್ರೇಮ್ ಏರಿದರೆ ಕೊಳ್ಳಬೇಕಾದದ್ದು ಒಂದೆರಡು ಕ್ಯಾಬಿನೆಟ್ ಫ್ಯಾನ್ ಅಷ್ಟೇ: ಮುಂದಿನಿಂದ ಒಳಕ್ಕೆ, ಹಿಂದಿನಿಂದ ಹೊರಕ್ಕೆ.

ಪ್ರೊಸೆಸರ್ ಬದಲಿಸಿದವರು ಕೂಲರಿನ ತಳ ನೋಡಿ. ರಕ್ಷಣೆಗೆಂದು ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಹಾಗೆಯೇ ಕೂರಿಸುವುದು ನಡೆಯುತ್ತಲೇ ಇರುತ್ತದೆ. ಇಂಟೆಲ್ ಚಿಪ್ 100 ಡಿಗ್ರಿ ಮುಟ್ಟಿ ವೇಗ ಇಳಿಸುತ್ತಿದ್ದರೆ ಕೂಲರನ್ನು ಬಿಚ್ಚಿ ಪರೀಕ್ಷಿಸಲೇಬೇಕು. ರೈಜನ್ 7000 ಸರಣಿ ಮಾತ್ರ ಬೇರೆ. ಪೂರ್ತಿ ಹೊರೆಯಲ್ಲಿ 95 ಡಿಗ್ರಿವರೆಗೆ ಏರುವಂತೆಯೇ ಅದನ್ನು ರೂಪಿಸಲಾಗಿದೆ.

12. ಹೊಸ ಕಾರ್ಡಿಗೆ ಒಂದೆರಡು ಗಂಟೆ ಕೊಡಿ

ಕಾರ್ಡ್ ಅಥವಾ ಡ್ರೈವರ್ ಬದಲಾದಾಗ ಆಟಗಳು ಶೇಡರುಗಳನ್ನು, ಅಂದರೆ ಚಿತ್ರ ಬಿಡಿಸಲು ಕಾರ್ಡ್ ಬಳಸುವ ಪುಟ್ಟ ಪ್ರೋಗ್ರಾಮುಗಳನ್ನು, ಹೊಸದಾಗಿ ಸಿದ್ಧಪಡಿಸಿಕೊಳ್ಳುತ್ತವೆ. ಮೊದಲ ಆಟದಲ್ಲಿ ತೊಡರಿ ಎರಡನೆಯದರಲ್ಲಿ ನುಣುಪಾದರೆ ಅಷ್ಟೇ ವಿಷಯ.

13. ಯಾರೋ ಹಾಕಿದ ಮಿತಿ ಉಳಿದಿದೆಯೇ?

ಫ್ರೇಮ್ ಸರಿಯಾಗಿ 60ಕ್ಕೆ ಅಥವಾ 30ಕ್ಕೆ ಅಂಟಿಕೊಂಡಿದ್ದರೆ ಅದು ಮಿತಿ, ನಿಧಾನವಲ್ಲ. ಆಟದೊಳಗಿನ ವಿ-ಸಿಂಕ್, ಡ್ರೈವರಿನ ‘ಮ್ಯಾಕ್ಸ್ ಫ್ರೇಮ್ ರೇಟ್’ ಎರಡನ್ನೂ ನೋಡಿ. ಹಳೆಯ ಕಾರ್ಡಿಗೆಂದು ಆಫ್ಟರ್‌ಬರ್ನರಿನಲ್ಲಿ ಉಳಿಸಿಟ್ಟ ಪ್ರೊಫೈಲ್ ಹೊಸ ಕಾರ್ಡಿನ ಮೇಲೂ ಕೂತಿರಬಹುದು, ಅಳಿಸಿ.

14. ಕಾರ್ಡಿನ ಮೆಮೊರಿ ತುಂಬಿದರೆ

8 ಜಿಬಿಯ ಕಾರ್ಡಿನಲ್ಲಿ ಟೆಕ್ಸ್‌ಚರ್ ಅಲ್ಟ್ರಾ ಇಟ್ಟರೆ ಹೊಸ ಆಟಗಳು ಮೆಮೊರಿಯನ್ನು ತುಂಬಿಬಿಡುತ್ತವೆ. ಉಕ್ಕಿದ್ದು ಸಿಸ್ಟಮ್ ರ‍್ಯಾಮಿಗೆ ಹೋಗಿ ಅಲ್ಲಿಂದ ಬರುವಷ್ಟರಲ್ಲಿ ಫ್ರೇಮ್ ಮುಗ್ಗರಿಸುತ್ತದೆ. ಟೆಕ್ಸ್‌ಚರ್ ಒಂದು ಹಂತ ಇಳಿಸಿ ನೋಡಿ. ಬೇರೆ ಯಾವುದನ್ನೂ ಮುಟ್ಟಬೇಕಾಗಿಲ್ಲ.

15. ವಿಡಿಯೊ ಎಡಿಟರುಗಳಿಗೆ ಪ್ರತ್ಯೇಕ ಮಾತು

ಮದುವೆ ವಿಡಿಯೊ ಮಾಡುವ ಸ್ಟುಡಿಯೊಗಳಿಗೆ ಮೇಲಿನ ಬಹಳಷ್ಟು ಅನ್ವಯಿಸದು. ಅಲ್ಲಿನ ಕಥೆ ಕೋಡೆಕ್ಕಿನದು. ಸೋನಿ ಎ7 IV, ಎ7ಎಸ್ IIIರಂಥ ಕ್ಯಾಮೆರಾಗಳು ಎಚ್.265, 10 ಬಿಟ್, 4:2:2 ಎಂಬ ಮಾದರಿಯಲ್ಲಿ ಚಿತ್ರೀಕರಿಸಬಲ್ಲವು. ಈ ಮಾದರಿಯನ್ನು ಬಿಡಿಸಿ ಓದುವ ಯಂತ್ರಾಂಶ ಆರ್‌ಟಿಎಕ್ಸ್ 30, 40 ಸರಣಿಗಳಲ್ಲಿ ಇಲ್ಲ. ಎನ್‌ವಿಡಿಯಾ ಅದನ್ನು ತಂದದ್ದು 2025ರ 50 ಸರಣಿಯಲ್ಲಿ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳ ಒಳಗ್ರಾಫಿಕ್ಸಿನಲ್ಲಿ ಮಾತ್ರ ಹನ್ನೊಂದನೇ ತಲೆಮಾರಿನಿಂದಲೇ ಇದೆ. ಅದರ ಹೆಸರು ಕ್ವಿಕ್ ಸಿಂಕ್.

ಈಗ ಏನಾಗುತ್ತದೆ ನೋಡಿ. ಇಂಟೆಲ್ ಒಳಗ್ರಾಫಿಕ್ಸಿನಲ್ಲೇ ಟೈಮ್‌ಲೈನ್ ಸರಾಗ ಓಡುತ್ತಿತ್ತು. ಎಫೆಕ್ಟ್, ಕಲರ್ ಗ್ರೇಡಿಂಗ್ ವೇಗವಾಗಲೆಂದು ಆರ್‌ಟಿಎಕ್ಸ್ 4060 ಹಾಕಿಸಿದಿರಿ. ಪ್ರತ್ಯೇಕ ಕಾರ್ಡ್ ಕಂಡೊಡನೆ ಹಲವು ಬೋರ್ಡುಗಳ ಬಯಾಸ್ ಒಳಗ್ರಾಫಿಕ್ಸನ್ನು ತಾನೇ ಆಫ್ ಮಾಡಿಬಿಡುತ್ತದೆ. ಕ್ವಿಕ್ ಸಿಂಕ್ ಮಾಯ, ಕ್ಲಿಪ್ ಓದುವ ಭಾರ ಪ್ರೊಸೆಸರಿನ ಕೋರುಗಳ ಮೇಲೆ, ಟೈಮ್‌ಲೈನ್ ತಡವರಿಕೆ. ಕಾರ್ಡ್ ಚೆನ್ನಾಗಿಯೇ ಇದೆ. ಬಯಾಸಿನಲ್ಲಿ ಐಜಿಪಿಯು ಮಲ್ಟಿ-ಮಾನಿಟರ್ ಎಂಬ ಆಯ್ಕೆ ಆನ್ ಮಾಡಿ, ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ, ಎಡಿಟಿಂಗ್ ತಂತ್ರಾಂಶದ ಡಿಕೋಡಿಂಗ್ ಆಯ್ಕೆಯಲ್ಲಿ ಇಂಟೆಲ್‌ಗೆ ಟಿಕ್ ಹಾಕಿ.

ಪ್ರೊಸೆಸರನ್ನೂ ಬದಲಿಸಿದ್ದರೆ ಹೆಸರಿನ ಕೊನೆಯ ಅಕ್ಷರ ಓದಿ. ಐ5-12400ರಲ್ಲಿ ಒಳಗ್ರಾಫಿಕ್ಸ್ ಇದೆ, ಐ5-12400ಎಫ್‌ನಲ್ಲಿ ಇಲ್ಲ. ಸ್ವಲ್ಪ ಹಣ ಉಳಿಯುತ್ತದೆಂದು ಎಫ್ ತೆಗೆದುಕೊಳ್ಳುವುದು ಆಟಗಾರನಿಗೆ ಜಾಣತನ, ಎಡಿಟರಿಗೆ ನಷ್ಟ. ಹಾಗೆ ಆಗಿಹೋಗಿದ್ದರೆ ಪ್ರಾಕ್ಸಿ, ಅಂದರೆ ಕ್ಲಿಪ್ಪುಗಳ ಹಗುರ ಪ್ರತಿ, ಮಾಡಿಕೊಂಡು ಎಡಿಟ್ ಮಾಡಿ. ಸಂಜೆ ಹಾಕಿಟ್ಟರೆ ಬೆಳಿಗ್ಗೆಗೆ ಸಿದ್ಧ. ಪ್ರೀಮಿಯರ್ ಬಳಸುವವರು ಪ್ರಾಜೆಕ್ಟ್ ಸೆಟ್ಟಿಂಗಿನ ‘ರೆಂಡರರ್’ ಸಾಲು ಕೂಡ ನೋಡಿ. ಕಾರ್ಡಿನ ಕಂಪನಿ ಬದಲಾದಾಗ ಅದು ‘ಸಾಫ್ಟ್‌ವೇರ್ ಓನ್ಲಿ’ಗೆ ಜಾರಿರಬಹುದು. ಇನ್ನು ಎಂಟನೇ ಸೂತ್ರದಲ್ಲಿ ಹೇಳಿದ 6500 ಎಕ್ಸ್‌ಟಿಯಲ್ಲಿ ಎಚ್.264, ಎಚ್.265 ಎನ್‌ಕೋಡರೇ ಇಲ್ಲ. ಎಡಿಟಿಂಗಿಗೆ ಅದನ್ನು ಕೊಳ್ಳಲೇಬೇಡಿ.

16. ಲ್ಯಾಪ್‌ಟಾಪ್

ಚಾರ್ಜರ್ ಹಾಕಿಯೇ ಪರೀಕ್ಷಿಸಿ, ಅದೂ ಕಂಪನಿಯ ಮೂಲ ಚಾರ್ಜರ್. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನೊಳಗೆ ಗ್ರಾಫಿಕ್ಸ್ ಪುಟದಲ್ಲಿ ಆಟಕ್ಕೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಇನ್ನೊಂದು: ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಬೇರೆಬೇರೆ ಮಿತಿಯಲ್ಲಿ ಬರುತ್ತದೆ. ತೆಳ್ಳನೆಯದು ಗೆಳೆಯನ ದಪ್ಪ ಲ್ಯಾಪ್‌ಟಾಪಿಗಿಂತ ನಿಧಾನವಾಗಿದ್ದರೆ ಅದನ್ನು ಮಾಡಿರುವುದೇ ಹಾಗೆ.

17. ಸೆಕೆಂಡ್ ಹ್ಯಾಂಡ್ ಕಾರ್ಡ್, ಒಂದೇ ಹೆಸರಿನ ಎರಡು ಕಾರ್ಡ್

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ಜಾಲ ತನ್ನ ವ್ಯವಸ್ಥೆ ಬದಲಿಸಿ ಕಾರ್ಡುಗಳಿಂದ ಗಣಿಗಾರಿಕೆ ನಡೆಸುವುದನ್ನು ಕೊನೆಗೊಳಿಸಿತು. ಹಗಲೂ ರಾತ್ರಿ ದುಡಿದ ಕಾರ್ಡುಗಳು ಆಗ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಪೇಸ್ಟ್, ಪ್ಯಾಡ್ ಒಣಗಿರಬಹುದು, ಕಾರ್ಡಿನ ಬಯಾಸ್ ಗಣಿಗಾರಿಕೆಗೆಂದು ತಿದ್ದಿರಬಹುದು. ಹಳೆಯ ಚಿಪ್ಪಿಗೆ ಹೊಸ ಕಾರ್ಡಿನ ಹೆಸರು ಬರೆದು ಮಾರುವ ನಕಲಿಗಳೂ ಇವೆ. ಜಿಪಿಯು-ಝಡ್ ಅಂಥ ನಕಲಿ ಎನ್‌ವಿಡಿಯಾ ಕಾರ್ಡುಗಳನ್ನು ಗುರುತಿಸುತ್ತದೆ. ಹಣ ಕೊಡುವ ಮೊದಲೇ ಓಡಿಸಿ ನೋಡಿ.

ಅಸಲಿ ಕಾರ್ಡಿನಲ್ಲೂ ಹೆಸರಿನ ಗೊಂದಲವಿದೆ. ಜಿಟಿ 1030ರಲ್ಲಿ ಜಿಡಿಡಿಆರ್5 ಮೆಮೊರಿಯದು ಸೆಕೆಂಡಿಗೆ 48 ಜಿಬಿ ಸಾಗಿಸಿದರೆ ಡಿಡಿಆರ್4 ಮೆಮೊರಿಯದು 16.8 ಜಿಬಿ ಮಾತ್ರ. ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿಯದಕ್ಕೆ 2560 ಕೋರ್, 2024ರಲ್ಲಿ ಬಂದ 6 ಜಿಬಿಯದಕ್ಕೆ 2304. ಬಿಲ್ಲಿನಲ್ಲಿ ಹೆಸರಷ್ಟೇ ಅಲ್ಲ, ಮೆಮೊರಿಯ ಬಗೆ ಮತ್ತು ಗಾತ್ರವನ್ನೂ ಬರೆಸಿಕೊಳ್ಳಿ.

18. ಕಾರ್ಡಿನ ಹೆಸರಲ್ಲಿ ಬರುವ ಪ್ರೊಸೆಸರಿನ ತಪ್ಪು

ಇಂಟೆಲ್ 13, 14ನೇ ತಲೆಮಾರಿನ ಶಕ್ತಿಶಾಲಿ ಚಿಪ್ ಇದ್ದು, ಆಟದಲ್ಲಿ ವಿಡಿಯೊ ಮೆಮೊರಿ ಮುಗಿಯಿತೆಂಬ ಸಂದೇಶ ಮತ್ತೆ ಮತ್ತೆ ಬರುತ್ತಿದ್ದರೆ ಕಾರ್ಡನ್ನು ಬೈಯಬೇಡಿ. ಈ ಚಿಪ್ಪುಗಳಲ್ಲಿ ಹೆಚ್ಚು ವೋಲ್ಟೇಜಿನಿಂದ ಸವೆತ ಉಂಟಾಗುವ ದೋಷವನ್ನು ಇಂಟೆಲ್ ಒಪ್ಪಿಕೊಂಡು 2024ರ ಆಗಸ್ಟ್‌ನಿಂದ ತಿದ್ದುಪಡಿ ಕೊಟ್ಟಿದೆ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದೆ. ಬಯಾಸ್ ಅಪ್‌ಡೇಟ್ ಮಾಡಿ. ಈಗಾಗಲೇ ಸವೆದ ಚಿಪ್ ಅದರಿಂದ ಸರಿಹೋಗದು, ವಾರಂಟಿಯಲ್ಲಿ ಬದಲಿಸಿಕೊಳ್ಳಿ.

19. ಲಿನಕ್ಸ್ ಬಳಸುವವರು

ಜಿಟಿಎಕ್ಸ್ 900, 10 ಸರಣಿಗಳಿಗೆ ನೂವೊ ಎಂಬ ಮುಕ್ತ ಡ್ರೈವರ್ ಪೂರ್ತಿ ವೇಗ ಕೊಡಲಾರದು. ಎನ್‌ವಿಡಿಯಾದ್ದೇ ಡ್ರೈವರ್ ಹಾಕಿ. ಹಾಕಿದ ಮೇಲೂ ನಿಧಾನವೆನಿಸಿದರೆ ಸೆಕ್ಯೂರ್ ಬೂಟ್ ಅದನ್ನು ತಡೆದಿರಬಹುದು. ಸಿಸ್ಟಮ್ ಮಾಹಿತಿಯಲ್ಲಿ ಗ್ರಾಫಿಕ್ಸ್ ಎಂಬಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಕಾರ್ಡ್ ಬಳಕೆಯಲ್ಲೇ ಇಲ್ಲ.

20. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅಂಗಡಿ

ಡ್ರೈವರ್, ರ‍್ಯಾಮ್, ಬಯಾಸ್ ಮೂರನ್ನೂ ಒಂದೇ ಸಂಜೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ತಿಳಿಯದು. ಒಂದು ಬದಲಿಸಿ, ಅದೇ ಪರೀಕ್ಷೆ ಓಡಿಸಿ, ಅಂಕ ಬರೆದು, ಮುಂದಿನದಕ್ಕೆ ಹೋಗಿ. ವಿಂಡೋಸ್ 11ರ ‘ಮೆಮೊರಿ ಇಂಟೆಗ್ರಿಟಿ’ ಆಫ್ ಮಾಡಿದರೆ ಆಟ ಕೊಂಚ ವೇಗವಾಗುತ್ತದೆ ಎಂದು ಯಾರಾದರೂ ಹೇಳಬಹುದು. ಹೇಳುವುದು ನಿಜವೇ, ಆದರೆ ಅದು ಸುರಕ್ಷತೆಯ ಗೋಡೆ. ಬ್ಯಾಂಕ್ ವ್ಯವಹಾರ ನಡೆಸುವ ಸಿಸ್ಟಮ್ಮಿನಲ್ಲಿ ಅದನ್ನು ಮುಟ್ಟಬೇಡಿ.

ಎಲ್ಲ ಮಾಡಿಯೂ ಅಂಕ ಏರದಿದ್ದರೆ ಕಾರ್ಡನ್ನು ಗೆಳೆಯರ ಸಿಸ್ಟಮ್ಮಿನಲ್ಲಿ ಹಾಕಿ ಅದೇ ಪರೀಕ್ಷೆ ಓಡಿಸಿ. ಅಲ್ಲಿಯೂ ಕಡಿಮೆ ಬಂದರೆ ಈಗ ನಿಮ್ಮ ದೂರಿಗೆ ಬಲವಿದೆ. ಎರಡೂ ಸಿಸ್ಟಮ್ಮಿನ ಅಂಕಗಳ ಚಿತ್ರ, ಬಿಲ್, ಸೀರಿಯಲ್ ನಂಬರ್ ಇರುವ ಡಬ್ಬಿ ಇಷ್ಟನ್ನೂ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ. ಕಾರ್ಡಿನ ಮೇಲಿನ ಸ್ಟಿಕ್ಕರನ್ನು ಕೀಳಬೇಡಿ, ಸ್ಕ್ರೂ ಬಿಚ್ಚಬೇಡಿ. ಬರೀ ‘ಸ್ಲೋ ಇದೆ’ ಎಂದರೆ ಅಲ್ಲಿ ಆನ್ ಮಾಡಿ ನೋಡಿ, ಚಿತ್ರ ಬರುತ್ತಿದೆ ಎಂದು ಹಿಂದಕ್ಕೆ ಕೊಡುತ್ತಾರೆ. ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಬರಬೇಕಿತ್ತು, ಎಷ್ಟು ಬಂತು ಎಂಬುದನ್ನು ದೂರಿನ ಚೀಟಿಯಲ್ಲೇ ಬರೆಸಿ, ಅದರ ಪ್ರತಿ ಪಡೆದುಕೊಂಡು ಬನ್ನಿ.